ಇ20 ಪೆಟ್ರೋಲ್ ಮತ್ತು ಹಳೆಯ ಕಾರು: ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು

ವಾಹನ ಪ್ರಶ್ನೋತ್ತರ

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಹೆಚ್ಚಿನವು ಎಥೆನಾಲ್ ಬೆರೆಸಿದ ಪೆಟ್ರೋಲಿನ ಕುರಿತಾಗಿಯೇ ಇವೆ. 2022ರ ಜೂನ್ ತಿಂಗಳಿನಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇ 10ನ್ನು ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20ರ ಮಿಶ್ರಣಕ್ಕೆ, ಅಂದರೆ ಇ20ಕ್ಕೆ, ಚಾಲನೆ ದೊರೆಯಿತು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಪಕ್ಕದಲ್ಲೇ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಇರುವುದರಿಂದ ಅಲ್ಲಿಂದಲೇ ಮಿಶ್ರಣವಾಗಿ ಬರುತ್ತದೆಂದು ಮಂಗಳೂರಿನ ಅನೇಕರು ತಿಳಿದಿದ್ದಾರೆ. ಆದರೆ ಸಾಮಾನ್ಯವಾಗಿ ಎಥೆನಾಲನ್ನು ಬೆರೆಸುವುದು ತೈಲ ಕಂಪನಿಗಳ ಡಿಪೋಗಳಲ್ಲಿ. ಅದು ನೀರನ್ನು ಎಳೆದುಕೊಳ್ಳುವ ದ್ರವವಾದುದರಿಂದ ಕೊನೆಯ ಹಂತದಲ್ಲಿ ಬೆರೆಸುವುದೇ ಸೂಕ್ತ. ನೀರಿನೊಡನೆ ಅದಕ್ಕಿರುವ ಈ ನಂಟು ಕರಾವಳಿಯವರಾದ ನಮಗೆ ಮುಖ್ಯವಾದ ವಿಷಯ. ಮುಂದೆ ಅದಕ್ಕೆ ಮರಳುತ್ತೇನೆ. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಕಾರುಗಳ ಇಂಧನ ಭಾಗಗಳು ಇ20ನ್ನು ತಾಳುವಂತೆ ರೂಪಿತವಾಗಿವೆ. ಈ ಸಂಚಿಕೆಗೆ ಆಯ್ದ ಪ್ರಶ್ನೆಗಳು ಅದಕ್ಕಿಂತ ಹಳೆಯ ಕಾರುಗಳ ಮಾಲೀಕರವು.

ಪ್ರಶ್ನೆ: ನಮ್ಮಲ್ಲಿ 1996ರ ಮಾರುತಿ 800 ಇದೆ. ತಂದೆಯವರು ಕೊಂಡ ಕಾರಾದುದರಿಂದ ಮಾರುವ ಮನಸ್ಸಿಲ್ಲ. ಕಳೆದ ಮಳೆಗಾಲದಿಂದ ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬರುತ್ತಿದೆ. ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪನ್ನು ಮುಟ್ಟಿದರೆ ಬೆರಳಿಗೆ ಕಪ್ಪು ಅಂಟುತ್ತದೆ. ಬೆಳಗ್ಗೆ ಚೋಕ್ ಒಳಗೆ ತಳ್ಳಿದ ಕೂಡಲೇ ಎಂಜಿನ್ ನಿಂತುಬಿಡುತ್ತದೆ. ಇಂಧನ ವ್ಯವಸ್ಥೆಯನ್ನು ಪೂರ್ತಿಯಾಗಿ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಅದು ಅಗತ್ಯವೇ?
– ಓದುಗರು, ಅಂಬಲಪಾಡಿ, ಉಡುಪಿ

ಉತ್ತರ: ಪೂರ್ತಿಯಾಗಿ ಬದಲಿಸುವ ಅಗತ್ಯವಿಲ್ಲ, ಆದರೆ ಆ ಪೈಪನ್ನು ಬದಲಿಸುವವರೆಗೆ ದಯವಿಟ್ಟು ಕಾರನ್ನು ರಸ್ತೆಗೆ ಇಳಿಸಬೇಡಿ. ಬಾನೆಟ್ಟಿನ ಒಳಗೆ ಪೆಟ್ರೋಲ್ ವಾಸನೆ, ಕೈಗೆ ಅಂಟುವ ಮೆತ್ತನೆಯ ರಬ್ಬರ್, ಕೆಳಗೆ ಬಿಸಿಯಾದ ಎಂಜಿನ್ – ಈ ಮೂರೂ ಒಂದೆಡೆ ಸೇರಿದರೆ ಬೆಂಕಿಗೆ ಒಂದು ಕಿಡಿ ಸಾಕು. ಮೈಲೇಜು, ಪಿಕಪ್ಪು ಎಲ್ಲವೂ ಆಮೇಲಿನ ಮಾತು.

ತಮ್ಮ ಕಾರು ತಯಾರಾದ ಕಾಲದಲ್ಲಿ ಬಳಸುತ್ತಿದ್ದ ಸಾಮಾನ್ಯ ನೈಟ್ರೈಲ್ ರಬ್ಬರ್ ಬರಿಯ ಪೆಟ್ರೋಲನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತಿತ್ತು. ಪೆಟ್ರೋಲಿನೊಡನೆ ಎಥೆನಾಲ್ ಬೆರೆತಾಗ ಆ ರಬ್ಬರ್ ಹೆಚ್ಚು ಉಬ್ಬುತ್ತದೆ, ಮೆತ್ತಗಾಗುತ್ತದೆ. ಮುಂದೆ ಒಣಗಿದಾಗ ಬಿರಿಯುತ್ತದೆ. ಬದಲಿಸುವಾಗ ಅಂಗಡಿಯಲ್ಲಿ ‘ಪೆಟ್ರೋಲ್ ಪೈಪು ಕೊಡಿ’ ಎಂದಷ್ಟೇ ಕೇಳಿದರೆ ಹಳೆಯ ಜಾತಿಯದೇ ಸಿಗುವ ಸಂಭವ ಹೆಚ್ಚು. ಪೈಪಿನ ಮೈಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಓದಬೇಕು. ‘ಎಸ್‌ಎಇ ಜೆ30 ಆರ್9’ ಎಂದಿದ್ದರೆ ಒಳಪದರ ಫ್ಲೋರಿನ್ ರಬ್ಬರಿನದು, ಅಂದರೆ ಮೆಕ್ಯಾನಿಕರು ‘ವೈಟಾನ್’ ಎಂದು ಕರೆಯುವ ವಸ್ತುವಿನದು. ಎಥೆನಾಲಿಗೆ ಅದು ಜಗ್ಗುವುದಿಲ್ಲ. ‘ಆರ್7’ ಎಂದಿದ್ದರೆ ಅದು ಕಾರ್ಬುರೇಟರ್ ಕಾರುಗಳ ಕಡಿಮೆ ಒತ್ತಡಕ್ಕಾಗಿ ಮಾಡಿದ ನೈಟ್ರೈಲ್ ಪೈಪು. ತಮ್ಮ ಕಾರಿನ ಒತ್ತಡಕ್ಕೆ ಅದೂ ಸಾಕು, ಆದರೆ ಇ20ರಲ್ಲಿ ಬಾಳಿಕೆ ಕಡಿಮೆ. ಬೆಲೆಯಲ್ಲಿ ವ್ಯತ್ಯಾಸವಿದ್ದರೂ ಒಂದು ಕಾರಿಗೆ ಬೇಕಾಗುವುದು ಒಂದೆರಡು ಮೀಟರ್ ಮಾತ್ರ. ಇಲ್ಲಿ ಉಳಿತಾಯ ಮಾಡಬೇಡಿ. ಟ್ಯಾಂಕಿಗೆ ಹಿಂದಿರುಗುವ ರಿಟರ್ನ್ ಪೈಪು, ಟ್ಯಾಂಕಿನ ಬಾಯಿಯ ದಪ್ಪ ರಬ್ಬರ್ ತುಂಡು ಮತ್ತು ಆವಿ ಹೋಗುವ ಸಣ್ಣ ಪೈಪು – ಈ ಮೂರನ್ನು ಹೆಚ್ಚಿನವರು ಮರೆಯುತ್ತಾರೆ. ಪೆಟ್ರೋಲ್ ವಾಸನೆ ಹಿಂಬದಿಯ ಸೀಟಿನ ಬಳಿ ಬರುವುದು ಸಾಮಾನ್ಯವಾಗಿ ಇವುಗಳಿಂದಲೇ.

ಪೈಪಿನ ನಂತರದ ಸರದಿ ಇಂಧನ ಪಂಪಿನದು. ತಮ್ಮ ಕಾರಿನಲ್ಲಿರುವುದು ಎಂಜಿನ್ನಿನಿಂದಲೇ ಚಾಲಿತವಾಗುವ ಡಯಾಫ್ರಮ್ ಪಂಪು. ಅದರ ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ, ಗಟ್ಟಿಯಾಗಿ ಬಿರಿದರೆ ಪೆಟ್ರೋಲ್ ಹೊರಗೆ ಮಾತ್ರವಲ್ಲ, ಎಂಜಿನ್ ಆಯಿಲ್‌ಗೂ ಸೇರಬಹುದು. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಮೂಸಿ ನೋಡಿ: ಆಯಿಲಿನ ಮಟ್ಟ ಏರಿದ್ದು ಪೆಟ್ರೋಲಿನ ವಾಸನೆ ಇದ್ದರೆ ಪಂಪನ್ನೂ ಆಯಿಲನ್ನೂ ಕೂಡಲೇ ಬದಲಿಸಬೇಕು. ಕಾರ್ಬುರೇಟರನ್ನು ಬಿಚ್ಚಿದಾಗ ಪೆಟ್ರೋಲ್ ನಿಲ್ಲುವ ಫ್ಲೋಟ್ ಕೋಣೆಯ ಒಳಗೋಡೆಯಲ್ಲಿ ಬಿಳಿಯ ಪುಡಿ ಕಂಡರೆ ಅದು ಸತುವಿನ ಮಿಶ್ರಲೋಹ ಸವೆದುದರ ಗುರುತು. ಎಥೆನಾಲಿನೊಡನೆ ನೀರೂ ಇದ್ದಾಗ ಸತು, ಸೀಸ, ಹಿತ್ತಾಳೆಗಳು ಬೇಗನೆ ಸವೆಯುತ್ತವೆ. ಪುಡಿಯನ್ನು ತೊಳೆದು, ಎಲ್ಲ ಗ್ಯಾಸ್ಕೆಟ್, ಓ-ರಿಂಗ್ ಹಾಗೂ ನೀಡಲ್ ವಾಲ್ವ್ ಹೊಸದಾಗಿ ಹಾಕಿದರೆ ಸಾಮಾನ್ಯವಾಗಿ ಸಾಕು. ಬಿರಡೆಯ (ಕಾರ್ಕಿನ) ಗ್ಯಾಸ್ಕೆಟ್ಟುಗಳನ್ನು ಮಾತ್ರ ಉಳಿಸಬೇಡಿ.

ಇದಾವುದೂ ಜಗತ್ತಿಗೆ ಹೊಸದಲ್ಲ. ಬ್ರೆಜಿಲ್ ದೇಶವು 1975ರಲ್ಲಿ ಎಥೆನಾಲ್ ಕಾರ್ಯಕ್ರಮವನ್ನು ಆರಂಭಿಸಿ, 1979ರಲ್ಲಿ ಪೂರ್ತಿಯಾಗಿ ಎಥೆನಾಲಿನಿಂದಲೇ ಓಡುವ ಫಿಯೆಟ್ 147 ಕಾರನ್ನು ಮಾರುಕಟ್ಟೆಗೆ ತಂದಾಗ ಅಲ್ಲಿನ ಎಂಜಿನಿಯರುಗಳು ಎದುರಿಸಿದ್ದು ಇದೇ ಸವೆತವನ್ನು. ಕಾರ್ಬುರೇಟರಿನ ಒಳಮೈಗೆ ನಿಕಲ್ ಲೇಪಿಸಿ, ಟ್ಯಾಂಕಿನ ಲೇಪವನ್ನು ಬದಲಿಸಿ ಅವರು ಅದನ್ನು ಗೆದ್ದರು. ನಮ್ಮ ಇ20 ಅಷ್ಟು ಉಗ್ರವಾದ ಇಂಧನವಲ್ಲವಾದುದರಿಂದ ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಟ್ಯಾಂಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಎಥೆನಾಲ್ ಒಳ್ಳೆಯ ದ್ರಾವಕವಾದುದರಿಂದ, ಮೂವತ್ತು ವರ್ಷಗಳಿಂದ ಟ್ಯಾಂಕಿನ ತಳದಲ್ಲಿ ಕುಳಿತ ಅಂಟನ್ನೂ ತುಕ್ಕಿನ ಹುಡಿಯನ್ನೂ ಅದು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಆದುದರಿಂದ ಈಗ ಒಂದು ಹೊಸ ಫಿಲ್ಟರನ್ನು ಹಾಕಿ, ಎರಡು ಮೂರು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಅದನ್ನು ಮತ್ತೊಮ್ಮೆ ಬದಲಿಸಿ. ಹಿಂದೆ ಎಂದಾದರೂ ಟ್ಯಾಂಕಿನ ಸಣ್ಣ ಸೋರಿಕೆಗೆ ಬಟ್ಟೆ ಸಾಬೂನನ್ನು ಉಜ್ಜಿ ನಿಲ್ಲಿಸಿದ್ದರೆ, ಅಥವಾ ಫೈಬರ್ ಹಾಳೆಯ ತೇಪೆ ಹಾಕಿಸಿದ್ದರೆ, ಅದನ್ನು ಮೆಕ್ಯಾನಿಕರಿಗೆ ಮುಂಚಿತವಾಗಿಯೇ ತಿಳಿಸಿ. ಬರಿಯ ಪೆಟ್ರೋಲಿಗೆ ಕರಗದ ಸಾಬೂನು ಎಥೆನಾಲ್ ಮತ್ತು ನೀರಿನ ಜೊತೆಯಲ್ಲಿ ಮೆತ್ತಗಾಗುತ್ತದೆ. ಪಾಲಿಯೆಸ್ಟರ್ ರಾಳದ ತೇಪೆಯೂ ಕ್ರಮೇಣ ಬಿಡುತ್ತದೆ. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ, ಅದನ್ನು ಇಳಿಸಿ, ಒಳಗಿನ ಆವಿ ಒಂದಿಷ್ಟೂ ಉಳಿಯದಂತೆ ತೊಳೆದು ಮಾಡಬಲ್ಲ ಅನುಭವಿಗಳಿಂದಲೇ ಮಾಡಿಸಿ.

ಇನ್ನು ಚೋಕ್ ತಳ್ಳಿದಾಗ ಎಂಜಿನ್ ನಿಲ್ಲುವ ವಿಷಯ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಥೆನಾಲಿಗೆ 9 ಕಿಲೋಗ್ರಾಂ ಸಾಕು. ಎಂದರೆ ಅಷ್ಟೇ ಗಾಳಿಗೆ ಇ20 ಹೆಚ್ಚು ಸುರಿಯಬೇಕು. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡಾದ ಜೆಟ್‌ಗೆ ಇದು ತಿಳಿಯುವುದಿಲ್ಲ, ಅದು ಮೊದಲಿನಷ್ಟೇ ಬಿಡುತ್ತದೆ. ಮಿಶ್ರಣ ಮೆಕ್ಯಾನಿಕರ ಭಾಷೆಯಲ್ಲಿ ‘ಲೀನ್’ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗುತ್ತದೆ. ಇದರ ಜೊತೆಗೆ ಆವಿಯಾಗಲು ಎಥೆನಾಲಿಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕಾದುದರಿಂದ, ಎಂಜಿನ್ ಬಿಸಿಯಾಗುವ ಮೊದಲು ತೊಂದರೆ ಎದ್ದು ಕಾಣುತ್ತದೆ. ಮೊದಲು ಜೆಟ್‌ಗಳನ್ನು ಶುಚಿಗೊಳಿಸಿ ಐಡಲ್ ಮಿಶ್ರಣದ ಸ್ಕ್ರೂವನ್ನು ಸರಿಹೊಂದಿಸಿ, ಚೋಕನ್ನು ಇನ್ನೂ ಒಂದೆರಡು ನಿಮಿಷ ಬಿಟ್ಟು ನೋಡಿ. ಅದರ ನಂತರವೂ ಓಡುವಾಗ ಎಳೆತ ಕಡಿಮೆಯಾಗಿ, ಸ್ಪಾರ್ಕ್ ಪ್ಲಗ್ಗಿನ ತುದಿ ಕಂದು ಬಣ್ಣದ ಬದಲಿಗೆ ಬೆಳ್ಳಗೆ ಕಂಡರೆ ಮಾತ್ರ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಬಹುದು. ಸೊಲೆಕ್ಸ್ ಮಾದರಿಯ ಜೆಟ್‌ನ ಮೇಲೆ 100 ಎಂದಿದ್ದರೆ ಅದರ ರಂಧ್ರದ ವ್ಯಾಸ 1 ಮಿಲಿಮೀಟರ್, 102.5ರ ಜೆಟ್ ಹಾಕಿದರೆ ರಂಧ್ರದ ವಿಸ್ತಾರ ಶೇ 5ರಷ್ಟು ಹೆಚ್ಚುತ್ತದೆ. ಇ10ರಿಂದ ಇ20ಕ್ಕೆ ಬೇಕಾಗುವ ಹೆಚ್ಚಳ ಶೇ 4ರಿಂದ 5ರಷ್ಟೇ ಆದುದರಿಂದ ಅದಕ್ಕಿಂತ ಮುಂದೆ ಹೋಗುವುದು ಪೆಟ್ರೋಲನ್ನು ಹೊಗೆಯಾಗಿ ಕಳೆಯುವುದಷ್ಟೇ. ಹಳೆಯ ಜೆಟ್ಟನ್ನೇ ತೆಳ್ಳನೆಯ ತಂತಿಯಿಂದ ಕೊರೆದು ದೊಡ್ಡದು ಮಾಡಲು ಯಾರಿಗೂ ಅವಕಾಶ ಕೊಡಬೇಡಿ. ಒಮ್ಮೆ ಗೀರು ಬಿದ್ದ ಜೆಟ್ ಮತ್ತೆಂದೂ ಸರಿಯಾದ ಅಳತೆಗೆ ಬರುವುದಿಲ್ಲ.

ಪ್ರಶ್ನೆ: ನನ್ನ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿನ ಮೈಲೇಜು 18ರಿಂದ 16.5ಕ್ಕೆ ಇಳಿದಿದೆ. ಮಂಗಳೂರಿನ ಒಂದು ಅಂಗಡಿಯವರು ಇಂಜೆಕ್ಟರಿನ ವೈರುಗಳ ನಡುವೆ ಚಿಕ್ಕ ಪೆಟ್ಟಿಗೆಯೊಂದನ್ನು ಅಳವಡಿಸಿದರೆ ಇ20 ಮಾತ್ರವಲ್ಲ, ಮುಂದೆ ಇ85 ಬಂದರೂ ಓಡುತ್ತದೆ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರು, ಮೂಲ್ಕಿ

ಉತ್ತರ: ಹಾಕಿಸಬೇಡಿ. ತಮ್ಮ ಕಾರಿನಲ್ಲಿ ಆ ಕೆಲಸವನ್ನು ಮಾಡುವ ಗಣಕ ಈಗಾಗಲೇ ಇದೆ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣ ಲೀನ್ ಆದುದನ್ನು ಕಂಡು ಆ ಗಣಕಕ್ಕೆ, ಅಂದರೆ ಇಸಿಯುಗೆ, ತಿಳಿಸುತ್ತದೆ. ಇಸಿಯು ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತದೆ. ಇ20 ಕೇಳುವ ತಿದ್ದುಪಡಿ ಅದರ ಮಿತಿಯೊಳಗೇ ಇದೆ. ನಡುವೆ ಇನ್ನೊಂದು ಪೆಟ್ಟಿಗೆ ಬಂದರೆ ಅದು ಹೆಚ್ಚಿಸಿದ್ದನ್ನು ಇಸಿಯು ಇಳಿಸುತ್ತದೆ. ಎರಡರ ಎಳೆದಾಟದಲ್ಲಿ ಕೊನೆಗೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಇ85, ಅಂದರೆ ಶೇ 85ರವರೆಗೆ ಎಥೆನಾಲ್ ಇರುವ ಇಂಧನ, ಬೇರೆಯೇ ಲೋಕ. ಅದಕ್ಕೆ ಪೆಟ್ರೋಲಿಗಿಂತ ಸುಮಾರು ಶೇ 40ರಷ್ಟು ಹೆಚ್ಚು ಇಂಧನ ಸುರಿಯಬಲ್ಲ ಇಂಜೆಕ್ಟರು ಮತ್ತು ಪಂಪು ಬೇಕು. ಟ್ಯಾಂಕಿನೊಳಗಿನ ವಿದ್ಯುತ್ ಪಂಪೂ ಬೇರೆಯದಾಗಬೇಕು, ಏಕೆಂದರೆ ಎಥೆನಾಲ್ ಪೆಟ್ರೋಲಿಗಿಂತ ಎಷ್ಟೋ ಹೆಚ್ಚು ವಿದ್ಯುತ್ತನ್ನು ಹಾಯಿಸುತ್ತದೆ. ಅದರಲ್ಲಿ ಮುಳುಗಿರುವ ತಾಮ್ರದ ಕಮ್ಯುಟೇಟರ್, ಅಂದರೆ ಪಂಪಿನ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಬಳೆ, ಬೇಗ ಸವೆಯುತ್ತದೆ. ಎಥೆನಾಲಿಗೆಂದೇ ಮಾಡಿದ ಪಂಪುಗಳಲ್ಲಿ ಇಂಗಾಲದ ಕಮ್ಯುಟೇಟರ್ ಇರುವುದು ಇದೇ ಕಾರಣಕ್ಕೆ. 2023ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಪ್ರದರ್ಶಿಸಲಾದ, ಪೆಟ್ರೋಲಿನಲ್ಲೂ ಹೆಚ್ಚು ಎಥೆನಾಲಿನ ಮಿಶ್ರಣದಲ್ಲೂ ಓಡಬಲ್ಲ ಫ್ಲೆಕ್ಸ್ ಇಂಧನದ ಇನ್ನೋವಾ ಹೈಕ್ರಾಸ್‌ನಂತಹ ಮಾದರಿಗಳನ್ನು ಕಾರ್ಖಾನೆಯಲ್ಲಿಯೇ ಅದಕ್ಕಾಗಿ ಕಟ್ಟಲಾಗಿದೆ. ಒಂದು ಪೆಟ್ಟಿಗೆಯಿಂದ ಅದು ಸಾಧ್ಯವಾಗುವುದಿಲ್ಲ. ಕಾನೂನೂ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬೇರೆ ಇಂಧನದ ಕಿಟ್ ಹಾಕಬೇಕಾದರೆ ನಿಗದಿತ ಷರತ್ತುಗಳಂತೆಯೇ ಹಾಕಬೇಕು. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ 2019ರ ತಿದ್ದುಪಡಿ ಹೇಳಿದೆ. ಅಪಘಾತವಾದಾಗ ವಿಮಾ ಕಂಪನಿ ಕೇಳುವ ಪ್ರಶ್ನೆಗಳು ಇದಕ್ಕೆ ಹೆಚ್ಚುವರಿ. ಹಾಳಾದ ರಬ್ಬರ್ ಪೈಪಿಗೆ ಬದಲಾಗಿ ಉತ್ತಮ ದರ್ಜೆಯ ಪೈಪು ಹಾಕಿಸುವುದು ದುರಸ್ತಿ; ಅದಕ್ಕೆ ಈ ಭಯವಿಲ್ಲ. ತಮ್ಮ ಕಾರಿನಲ್ಲಿ ಒತ್ತಡ 3 ಬಾರ್‌ಗೂ ಮೇಲಿರುವುದರಿಂದ ಆರ್7 ಪೈಪು ಕೂಡದು, ಇಂಜೆಕ್ಷನ್ನಿಗೆ ತಕ್ಕ ಪೈಪು ಮತ್ತು ಕ್ಲಾಂಪುಗಳೇ ಬೇಕು.

ಮೈಲೇಜಿನ ಲೆಕ್ಕವನ್ನು ನೋಡೋಣ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು. ಬರಿಯ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಶಕ್ತಿ ಶೇ 6ರಿಂದ 7ರಷ್ಟು ಕಡಿಮೆ. ಇ10ಕ್ಕೆ ಹೋಲಿಸಿದರೆ ಶೇ 3.5ರಷ್ಟು ಮಾತ್ರ. ಹಳೆಯ ನಾಲ್ಕು ಚಕ್ರದ ವಾಹನಗಳಿಗೆ ನೀತಿ ಆಯೋಗದ 2021ರ ವರದಿ ಅಂದಾಜಿಸಿದ್ದೂ ಶೇ 6–7ರ ಇಳಿಕೆಯನ್ನೇ. ತಮ್ಮ ಕಾರಿನ ಮೈಲೇಜು ಇಳಿದಿರುವುದು ಶೇ 8ಕ್ಕೂ ಹೆಚ್ಚು. 18 ಬರುತ್ತಿದ್ದುದು ಇ10ರ ದಿನಗಳಲ್ಲಾದರೆ, ಅರ್ಧಕ್ಕಿಂತ ಹೆಚ್ಚಿನ ನಷ್ಟಕ್ಕೆ ಕಾರಣ ಬೇರೆಲ್ಲೋ ಇದೆ. ಏರ್ ಫಿಲ್ಟರ್, ಟೈರಿನ ಗಾಳಿ, ಹನ್ನೆರಡು ವರ್ಷ ದಾಟಿದ ಆಕ್ಸಿಜನ್ ಸೆನ್ಸರ್ – ಇವನ್ನು ನೋಡಿಸಿ. ಪೆಟ್ಟಿಗೆಗೆ ಕೊಡಬೇಕೆಂದಿದ್ದ ಹಣದಲ್ಲಿ ಈ ಕೆಲಸ ಮುಗಿಯಬಹುದು.

ಪ್ರಶ್ನೆ: ತಮ್ಮ ದುಬೈನಲ್ಲಿದ್ದಾನೆ. ಅವನ ಕಾರು ನಮ್ಮ ಮನೆಯ ಶೆಡ್ಡಿನಲ್ಲಿ ವರ್ಷದಲ್ಲಿ ಹತ್ತು ತಿಂಗಳು ನಿಂತಿರುತ್ತದೆ. ಸಮುದ್ರ ಅರ್ಧ ಕಿಲೋಮೀಟರಿನಲ್ಲಿದೆ. ಹೋದ ಸಲ ಅವನು ಬಂದಾಗ ಕಾರು ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಗ್ಯಾರೇಜಿನವರು ಹೇಳಿದರು. ಮನೆಯ ಶೆಡ್ಡಿನಲ್ಲಿದ್ದ ಕಾರಿಗೆ ನೀರು ಬಂದದ್ದು ಎಲ್ಲಿಂದ?
– ಓದುಗರು, ಕಾಪು

ಉತ್ತರ: ನಮ್ಮ ಎರಡೂ ಜಿಲ್ಲೆಗಳಲ್ಲಿ ಗಲ್ಫ್‌ನಲ್ಲಿರುವವರ, ಮುಂಬಯಿಯಲ್ಲಿರುವವರ ಕಾರುಗಳು ಹೀಗೆಯೇ ಕಾದು ನಿಂತಿರುತ್ತವೆ. ಆಟಿ ತಿಂಗಳ ಮಳೆಯಲ್ಲಿ ಅವುಗಳನ್ನು ಹೊರತೆಗೆಯುವವರೂ ಇರುವುದಿಲ್ಲ. ಇ20 ಕುರಿತು ನನಗೆ ಹೆಚ್ಚಿನ ಕಳವಳವಿರುವುದು ಓಡುವ ಕಾರುಗಳ ಬಗೆಗಲ್ಲ, ಈ ನಿಂತ ಕಾರುಗಳ ಬಗೆಗೆ.

ಬರಿಯ ಪೆಟ್ರೋಲಿಗೆ ನೀರು ಸೇರಿದರೆ ಅದು ಬೇರೆಯಾಗಿ ತಳದಲ್ಲಿ ಕೂರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ: 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇ10ರ ಒಂದು ಲೀಟರಿಗೆ ಸುಮಾರು ಒಂದು ಚಹಾ ಚಮಚದಷ್ಟು, ಇ20ರಲ್ಲಿ ಅದಕ್ಕಿಂತ ಹೆಚ್ಚು. ಓಡುತ್ತಿರುವ ಕಾರಿನಲ್ಲಿ ಆ ನೀರು ಇಂಧನದೊಡನೆಯೇ ಎಂಜಿನ್ನಿಗೆ ಹೋಗಿ ಆವಿಯಾಗುವುದರಿಂದ ಇದು ಒಂದು ಅನುಕೂಲವೇ ಸರಿ. ಆದರೆ ನಿಂತ ಕಾರಿನಲ್ಲಿ ನೀರು ಸೇರುತ್ತಲೇ ಹೋಗಿ ಮಿತಿಯನ್ನು ಮೀರಿದಾಗ, ಹೆಚ್ಚಾದ ನೀರು ಮಾತ್ರ ಬೇರೆಯಾಗುವುದಿಲ್ಲ. ಎಥೆನಾಲಿನ ದೊಡ್ಡ ಪಾಲನ್ನೂ ತನ್ನ ಜೊತೆಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನಲ್ಲಿ 20 ಲೀಟರ್ ಇದ್ದರೆ ಅದರಲ್ಲಿ 4 ಲೀಟರ್ ಎಥೆನಾಲ್ ಎಂಬುದನ್ನು ನೆನಪಿಡಿ. ಪಂಪು ಎಳೆಯುವುದು ತಳದಿಂದಲೇ. ಹೀಗೆ ಪದರ ಬಿಟ್ಟ ಇಂಧನವನ್ನು ಅಲುಗಾಡಿಸಿ ಸರಿಪಡಿಸಲು ಬರುವುದಿಲ್ಲ, ಮೇಲೆ ಹೊಸ ಪೆಟ್ರೋಲ್ ಸುರಿದು ಓಡಿಸಲೂಬಾರದು. ಟ್ಯಾಂಕನ್ನು ಪೂರ್ತಿಯಾಗಿ ಖಾಲಿ ಮಾಡಿ ಒಣಗಿಸಬೇಕು.

ನೀರು ಎಲ್ಲಿಂದ ಬಂತು ಎಂಬುದಕ್ಕೆ ಗಾಳಿಯ ತೇವವೊಂದೇ ಉತ್ತರವಲ್ಲ. ಗಾಳಿಯಿಂದ ಅದು ಸೇರುವುದು ನಿಧಾನವಾಗಿ. ನಾನು ಕಂಡ ಇಂತಹ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಒಣಗಿ ಬಿರಿದಿತ್ತು, ಅಥವಾ ಕಡಲ ಗಾಳಿಯ ಉಪ್ಪಿನಿಂದ ಪೆಟ್ರೋಲ್ ತುಂಬುವ ಕೊಳವೆಗೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಶೆಡ್ಡಿಗೆ ಬೀಸುವ ಮಳೆಯ ಎರಚಲು ಅಲ್ಲಿಂದ ಒಳಸೇರುತ್ತದೆ. ಮುಚ್ಚಳವನ್ನು ಈಗಲೇ ಬದಲಿಸಿ. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಕೊಳವೆಯ ತುಕ್ಕನ್ನು ನೋಡಿಸಿ. ತಮ್ಮನವರು ಹೊರಡುವ ಮುನ್ನ ಹೆಚ್ಚು ಮಾರಾಟವಿರುವ ಬಂಕಿನಲ್ಲಿ ಟ್ಯಾಂಕನ್ನು ತುಂಬಿಸಲಿ. ಒಳಗೆ ಗಾಳಿಗೆ ಜಾಗ ಕಡಿಮೆಯಿದ್ದಷ್ಟೂ ತೇವವೂ ಕಡಿಮೆ. ಆದರೆ ಹತ್ತು ತಿಂಗಳು ಅದೇ ಪೆಟ್ರೋಲನ್ನು ಇಡುವುದು ಸರಿಯಲ್ಲ. ಎರಡು ವಾರಕ್ಕೊಮ್ಮೆ ತಾವೇ ಆ ಕಾರನ್ನು ಉಡುಪಿಯವರೆಗೆ ಓಡಿಸಿ ತಂದು, ಅರ್ಧ ಮುಗಿದಾಗ ಹೊಸದನ್ನು ತುಂಬಿಸಿದರೆ ಎಲ್ಲಕ್ಕಿಂತ ಉತ್ತಮ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾಗುವ ಮೊದಲೇ ನಿಂತು ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ.

ಪ್ರಶ್ನೆ: ಇ20ರಿಂದ ಎಂಜಿನ್ನನ್ನು ಕಾಪಾಡಲು ಟ್ಯಾಂಕಿಗೆ ಸ್ವಲ್ಪ ಟು-ಸ್ಟ್ರೋಕ್ ಆಯಿಲ್ ಹಾಕಬೇಕೆಂದು ಗೆಳೆಯರು ಹೇಳುತ್ತಾರೆ. ಸರಿಯೇ?
– ಓದುಗರು, ಬೈಕಂಪಾಡಿ

ಉತ್ತರ: ಸರಿಯಲ್ಲ. ಆಯಿಲ್ ಉಬ್ಬಿದ ರಬ್ಬರನ್ನು ಸರಿಪಡಿಸುವುದಿಲ್ಲ, ನೀರನ್ನೂ ತೆಗೆಯುವುದಿಲ್ಲ. ಅದರ ಬೂದಿ ಆಕ್ಸಿಜನ್ ಸೆನ್ಸರಿನ ಮೇಲೂ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೂ ಕೂರುತ್ತದೆ, ಮತ್ತು ಆ ಎರಡು ಭಾಗಗಳು ದುಬಾರಿ.

ಪ್ರಶ್ನೆ: ಬಂಕಿನಲ್ಲಿ ತುಂಬಿಸಿದ ಪೆಟ್ರೋಲಿನಲ್ಲಿ ಎಷ್ಟು ಎಥೆನಾಲ್ ಇದೆ ಎಂಬುದನ್ನು ನಾವೇ ಅಳೆಯಬಹುದೇ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಅಳೆಯಬಹುದು, ಬೇಕಾಗುವುದು ಗೆರೆಗಳಿರುವ 100 ಮಿಲಿಲೀಟರಿನ ಗಾಜಿನ ಸಿಲಿಂಡರ್ ಮತ್ತು ಅದಕ್ಕೆ ಬಿಗಿಯಾದ ಮುಚ್ಚಳ. ಮೊದಲು 10 ಮಿಲಿಲೀಟರ್ ನೀರು, ಅದರ ಮೇಲೆ 100ರ ಗೆರೆಯವರೆಗೆ ಪೆಟ್ರೋಲ್ ಹೊಯ್ದು, ಮುಚ್ಚಿ, ಚೆನ್ನಾಗಿ ಕುಲುಕಿ, ನಡುವೆ ಒಮ್ಮೆ ಮುಚ್ಚಳ ಸಡಿಲಿಸಿ ಆವಿಯನ್ನು ಬಿಟ್ಟು, ಹತ್ತು ನಿಮಿಷ ಅಲುಗಿಸದೆ ಇಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಸೇರಿ ತಳಕ್ಕೆ ಬರುತ್ತದೆ. ಇ20 ಆಗಿದ್ದರೆ ತಳದ ಪದರ 10ರಿಂದ ಸುಮಾರು 28ರ ಗೆರೆಗೆ ಏರುತ್ತದೆ, ಇ10 ಆಗಿದ್ದರೆ 19ರ ಆಸುಪಾಸಿಗೆ. ಒಂದೆರಡು ಗೆರೆ ಆಚೀಚೆಯಾದರೆ ಬಂಕಿನವರನ್ನು ದೂರಬೇಡಿ. ಮನೆಯ ಅಳತೆಗೆ ಅಷ್ಟು ನಿಖರತೆ ಇರುವುದಿಲ್ಲ. ಪದರಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ಕಣ್ಣಾರೆ ನೋಡಲು ಕೂಡ ಇದೊಂದು ಒಳ್ಳೆಯ ಪ್ರಯೋಗ. ಮೇಲಿನ ಕಾಪುವಿನ ಕಾರಿನ ಟ್ಯಾಂಕಿನಲ್ಲಿ ನಡೆದದ್ದೂ ಇದೇ. ಇದನ್ನು ಅಡುಗೆಮನೆಯಲ್ಲಿ ಮಾಡದೆ, ಬೆಂಕಿ ಮತ್ತು ಸ್ವಿಚ್ಚುಗಳಿಂದ ದೂರ, ಅಂಗಳದ ನೆರಳಿನಲ್ಲಿ ಮಾಡಿ. ಮುಗಿದ ಮೇಲೆ ಆ ದ್ರವವನ್ನು ಟ್ಯಾಂಕಿಗೆ ಮರಳಿ ಹೊಯ್ಯಬಾರದು, ಬಾವಿಯ ಹತ್ತಿರ ಅಥವಾ ಚರಂಡಿಗೆ ಚೆಲ್ಲಲೂಬಾರದು. ಬಾಟಲಿಯಲ್ಲಿ ಮುಚ್ಚಿ, ಹಳೆಯ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.